ಕೊನೆಯ ಸಾಲಿನವರಿಗೂ ಕೇಳಬೇಕು: ಪಿಟೀಲು ಚೌಡಯ್ಯನವರ ಬದುಕು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ಯಾರನ್ನು ಆರಿಸಿಕೊಳ್ಳುವುದೆಂದು ಕೆಲವು ದಿನ ಯೋಚಿಸಿದೆ. ದೇಶಭಕ್ತರು, ಸಾಹಿತಿಗಳು, ವಿಜ್ಞಾನಿಗಳು, ಹೀಗೆ ಬರೆಯಬೇಕಾದವರ ಹೆಸರಿಗೆ ಕೊರತೆಯಿಲ್ಲ. ಕೊನೆಗೆ ದಾರಿ ತೋರಿಸಿದವರು ನಮ್ಮ ಮಕ್ಕಳೇ. ಹತ್ತನೆಯ ತರಗತಿ ಮುಗಿಸುವವರನ್ನು ಮುಂದೇನು ಓದುತ್ತೀರಿ ಎಂದು ಕೇಳಿದರೆ ಮೊದಲೆಲ್ಲ ಡಾಕ್ಟರು, ಇಂಜಿನಿಯರು, ಮೇಷ್ಟ್ರು, ಪೊಲೀಸು ಎನ್ನುವ ಉತ್ತರಗಳೇ ಬರುತ್ತಿದ್ದವು. ಈಗ ಒಬ್ಬಿಬ್ಬರಾದರೂ ಹಾಡು ರೆಕಾರ್ಡಿಂಗ್ ಮಾಡುವುದನ್ನು ಕಲಿಯಬೇಕು, ಸೌಂಡ್ ಇಂಜಿನಿಯರಿಂಗ್ ಓದಬೇಕು ಎನ್ನುತ್ತಾರೆ. ಮೊಬೈಲಿನಲ್ಲಿಯೇ ತಾಳ ಕೂಡಿಸಿ, ದನಿ ಸೇರಿಸಿ, ಮಾದಪ್ಪನ ಹಾಡು ಮಾಡಿ ತರುವ ಹುಡುಗರೂ ಇದ್ದಾರೆ. ಇದನ್ನು ಕೇಳಿದ ತಂದೆತಾಯಿಗಳಿಗೆ ಮಾತ್ರ ಚಿಂತೆ. ಇದೂ ಒಂದು ಓದೇ, ಇದರಿಂದ ಹೊಟ್ಟೆ ತುಂಬುತ್ತದೆಯೇ, ನಮ್ಮಂಥ ರೈತರ ಮನೆಯ ಮಕ್ಕಳಿಗೆ ಇದೆಲ್ಲ ಏಕೆ ಎಂದು ಕೇಳುತ್ತಾರೆ.

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ. ಆದರೆ ನೂರು ವರ್ಷಗಳ ಹಿಂದೆ ಇದೇ ಮೈಸೂರು ಸೀಮೆಯ ಒಕ್ಕಲುಮನೆಯ ಹುಡುಗನೊಬ್ಬ ನಾದವನ್ನೇ ಓದಾಗಿ ಮಾಡಿಕೊಂಡು ಬಾಳಿದ ಕಥೆ ಗೊತ್ತಿದೆ. ಮೈಕು, ಸ್ಪೀಕರು ನಮ್ಮ ಊರುಗಳಿಗೆ ಬರುವ ಮೊದಲೇ, ದೂರ ಕುಳಿತವನಿಗೂ ನಾದ ತಲುಪುವಂತೆ ಮಾಡುವುದು ಹೇಗೆ ಎಂದು ಆತ ತಲೆ ಕೆಡಿಸಿಕೊಂಡಿದ್ದ. ಆ ಹುಡುಗನೇ ಮುಂದೆ ನಾಡೆಲ್ಲ ಪಿಟೀಲು ಚೌಡಯ್ಯ ಎಂದು ಕರೆದ ಮೈಸೂರು ಟಿ. ಚೌಡಯ್ಯನವರು.

ಹೊಳೆಯ ಕೆಳಗಿನ ಊರು

ನಮ್ಮ ಗುಂಡ್ಲುಹೊಳೆ ಮಳೆಯಾದ ವರ್ಷ ಹರಿದರೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ. ಕಪಿಲೆ ಅಲ್ಲಿಂದ ಮುಂದೆ ಹೋಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡು ಹೊಳೆಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆಂಬುದು ನಂಬಿಕೆ. ದಂಡೆಯ ಮೇಲೆ ಅಗಸ್ತ್ಯೇಶ್ವರನ ಗುಡಿ, ಹೊಳೆಯಾಚೆ ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿ. ಚೌಡಯ್ಯನವರು ಹುಟ್ಟಿದ್ದು ಈ ತಿರುಮಕೂಡಲಿನಲ್ಲಿ, 1895ರ ಜನವರಿ 1ರಂದು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಆಗ ನಮ್ಮ ಗುಂಡ್ಲುಪೇಟೆಯೂ ನರಸೀಪುರವೂ ಮೈಸೂರು ಜಿಲ್ಲೆಗೇ ಸೇರಿದ್ದವು. ಹೀಗೆ ನೋಡಿದರೆ ಅವರು ಪರಸ್ಥಳದವರಲ್ಲ. ನಮ್ಮ ಹೊಳೆಯ ನೀರು ಹೋಗಿ ಸೇರುವ ಊರಿನವರು.

ಆ ಕಾಲದಲ್ಲಿ ಹಳ್ಳಿಯಲ್ಲಿ ಸಂಗೀತವಿರಲಿಲ್ಲವೆಂದಲ್ಲ. ಕಂಸಾಳೆಯವರು, ನೀಲಗಾರರು, ಭಜನೆಯವರು, ಸೋಬಾನೆ ಹಾಡುವ ಹೆಂಗಸರು ಎಲ್ಲ ಊರಿನಲ್ಲಿಯೂ ಇದ್ದರು. ಆದರೆ ಶಾಸ್ತ್ರೀಯ ಸಂಗೀತ ಎನ್ನುವುದು ಅರಮನೆಯ, ಅಗ್ರಹಾರದ, ವಿದ್ವಾಂಸರ ಮನೆತನಗಳ ವಿದ್ಯೆಯಾಗಿತ್ತು. ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಅದು ಇಳಿದುಬರುತ್ತಿತ್ತು. ಆರು ಕಟ್ಟುವ ಮನೆಯಿಂದ ಹೋದವನಿಗೆ ಅಲ್ಲಿ ಮಾಡಿಟ್ಟ ಜಾಗವೇನೂ ಇರಲಿಲ್ಲ. ಅಂಥ ಹುಡುಗನ ಕೈಗೆ ಪಿಟೀಲು ಬಂದದ್ದೇ ಒಂದು ವಿಶೇಷ. ಆ ಪಿಟೀಲಾದರೂ ಹೊರಗಿನಿಂದ ಬಂದದ್ದು. ಅದು ಯುರೋಪಿನ ವಾದ್ಯ, ಕರ್ನಾಟಕ ಸಂಗೀತಕ್ಕೆ ಹೊಂದಿಕೊಂಡು ಆಗ್ಗೆ ಸುಮಾರು ನೂರು ವರ್ಷವಾಗಿತ್ತು. ಹೊರಗಿನ ವಾದ್ಯವನ್ನು ನಮ್ಮವರು ಕೆಳಗೆ ಕುಳಿತು, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಪಾದಕ್ಕೂ ಆನಿಸಿ, ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ, ಗಮಕ ನುಡಿಯುವಂತೆ ಪಳಗಿಸಿ ತಮ್ಮದನ್ನಾಗಿ ಮಾಡಿಕೊಂಡಿದ್ದರು.

ಗುರುಗಳ ಮನೆ

1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಚೌಡಯ್ಯ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರದೂ ಬಡತನದಿಂದ ಮೇಲೆ ಬಂದ ಬದುಕು. ಕವಿ ಮುದ್ದಣ ಹುಟ್ಟಿದ ನಂದಳಿಕೆಯೇ ಅವರ ಊರು. ಕೊಂಕಣಿ ಮನೆಮಾತಿನ ಹುಡುಗ ಘಟ್ಟ ಹತ್ತಿ ಬಂದು, ಕಷ್ಟಪಟ್ಟು ಹಾಡುಗಾರಿಕೆ ಕಲಿತು, ಮೈಸೂರು ಆಸ್ಥಾನದ ವಿದ್ವಾಂಸರಾದವರು. ಕಚೇರಿಯಲ್ಲಿ ತೆಲುಗು ಕೃತಿಗಳ ಜೊತೆಗೆ ಕನ್ನಡ ದೇವರನಾಮಗಳಿಗೂ ಗೌರವದ ಸ್ಥಾನ ಕೊಟ್ಟವರು. ಮೈಸೂರಿನ ಶಿವರಾಂಪೇಟೆಯಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಸಂಗೀತದ ನೆಲೆಯಾಗಿ ಹೆಸರಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೃಷ್ಣಪ್ಪನವರು ಹೆಸರಾದದ್ದು ಹಾಡುಗಾರಿಕೆಯಲ್ಲಿ, ಶಿಷ್ಯ ಹೆಸರಾದದ್ದು ಪಿಟೀಲಿನಲ್ಲಿ. ಗುರುಗಳು ಹಾಡಿದ್ದನ್ನು ಕಿವಿಯಿಂದ ಹಿಡಿದು, ಅದೇ ಏರಿಳಿತ, ಅದೇ ಒತ್ತು, ಅದೇ ಉಸಿರು ತಂತಿಯ ಮೇಲೆ ಬರುವಂತೆ ಸಾಧಿಸಬೇಕು. ಈಗಿನವರು ಕಿವಿ ತರಬೇತಿ ಎಂದು ಪ್ರತ್ಯೇಕ ಪಾಠ ಮಾಡುತ್ತಾರೆ. ಅಂದಿನ ಗುರುಕುಲದಲ್ಲಿ ಇಡೀ ಪಾಠವೇ ಕಿವಿ ತರಬೇತಿಯಾಗಿತ್ತು. ಬೆಳಗಿನ ಜಾವದ ಸಾಧಕ, ಗುರುಗಳ ಮನೆಯ ಕೆಲಸ, ಮತ್ತೆ ಪಾಠ, ಕಚೇರಿ ಇದ್ದಾಗ ಗುರುಗಳ ಹಿಂದೆ ಹೋಗಿ ಕುಳಿತು ಕೇಳುವುದು, ಇದು ಅಂದಿನ ವಿದ್ಯಾರ್ಥಿಗಳ ದಿನಚರಿ. ಪರೀಕ್ಷೆ ಇಲ್ಲ, ಅಂಕಪಟ್ಟಿ ಇಲ್ಲ, ಇಷ್ಟು ವರ್ಷಕ್ಕೆ ಮುಗಿಯಿತೆಂಬ ಲೆಕ್ಕವೂ ಇಲ್ಲ. ಕೃಷ್ಣಪ್ಪನವರು ಬಹಳ ಕಟ್ಟುನಿಟ್ಟಿನ ಗುರುಗಳೆಂದು ಹೆಸರಾಗಿದ್ದರು. ಅವರ ಶಿಕ್ಷಣದಲ್ಲಿ ವರ್ಷಗಟ್ಟಲೆ ತಾಳಿಕೊಂಡವನೇ ಗಟ್ಟಿಯಾಗುತ್ತಿದ್ದ.

ಹಾಗೆ ತಾಳಿಕೊಂಡು ಚೌಡಯ್ಯನವರು ಗುರುಗಳ ಕಚೇರಿಗಳಲ್ಲಿಯೇ ಪಕ್ಕವಾದ್ಯಕ್ಕೆ ಕುಳಿತುಕೊಳ್ಳುವ ಮಟ್ಟಕ್ಕೆ ಬಂದರು. ಪಕ್ಕವಾದ್ಯ ಎನ್ನುವುದು ಸುಲಭದ ಕೆಲಸವಲ್ಲ. ಹಾಡುವವರು ಮುಂದೇನು ಹಾಡುತ್ತಾರೆಂದು ಮೊದಲೇ ತಿಳಿದಿರುವುದಿಲ್ಲ. ಅವರ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಬೇಕು, ಅವರು ಬಿಟ್ಟ ಜಾಗವನ್ನು ತುಂಬಬೇಕು, ಆದರೆ ಅವರನ್ನು ಮೀರಿ ಎದ್ದು ನಿಲ್ಲಬಾರದು. ಇನ್ನೊಬ್ಬರ ದನಿ ಚೆನ್ನಾಗಿ ಕೇಳಿಸಲಿ ಎಂದು ತಾನು ದುಡಿಯುವ ವಿದ್ಯೆ ಅದು. ಇಂದಿನ ರೆಕಾರ್ಡಿಂಗ್ ಕೋಣೆಯಲ್ಲಿ ಗಾಜಿನ ಆಚೆ ಕುಳಿತು ಗುಂಡಿ ತಿರುಗಿಸುವವರ ಕೆಲಸದ ಧರ್ಮವೂ ಇದೇ.

ಕೇಳಿಸದ ಕಷ್ಟ

ಈಗ ಆ ಕಾಲದ ಕಚೇರಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಮದುವೆಯ ಚಪ್ಪರ, ದೇವಸ್ಥಾನದ ಪ್ರಾಕಾರ, ರಾಮೋತ್ಸವದ ಪೆಂಡಾಲು, ಅರಮನೆಯ ತೊಟ್ಟಿ. ನೂರಾರು ಜನ, ಕೆಲವೊಮ್ಮೆ ಸಾವಿರಾರು. ಮೈಕು ಇಲ್ಲ. ಮಕ್ಕಳ ಗಲಾಟೆ, ಬಂದುಹೋಗುವವರ ಸದ್ದು. ಗಾಯಕರು ಎದೆಯಿಂದ ದನಿ ಎತ್ತಿ ಹಾಡುತ್ತಾರೆ. ಮೃದಂಗದ ಪೆಟ್ಟು ಸಾಕಷ್ಟು ದೂರ ಹೋಗುತ್ತದೆ. ಆದರೆ ಪಿಟೀಲಿನ ನಾದ? ಮುಂದಿನ ಕೆಲವು ಸಾಲು ದಾಟುವುದರೊಳಗೆ ಅದು ಸಣ್ಣಗಾಗಿಬಿಡುತ್ತದೆ.

ಇದಕ್ಕೆ ಕಾರಣ ನಮ್ಮ ವಿಜ್ಞಾನದ ಪಾಠದಲ್ಲಿಯೇ ಇದೆ. ಬಯಲಿನಲ್ಲಿ ನಾದ ಎಲ್ಲ ಕಡೆಗೂ ಹರಡಿಕೊಳ್ಳುತ್ತಾ ಹೋಗುತ್ತದೆ. ದೂರ ಎರಡರಷ್ಟಾದರೆ ಅದರ ತೀವ್ರತೆ ನಾಲ್ಕರಲ್ಲಿ ಒಂದು ಭಾಗವಾಗುತ್ತದೆ. ಐದು ಅಡಿಯಲ್ಲಿ ಕುಳಿತವನಿಗೆ ಸಿಕ್ಕಿದ್ದರ ನಾಲ್ಕನೆಯ ಒಂದು ಪಾಲು ಹತ್ತು ಅಡಿಯವನಿಗೆ, ಹದಿನಾರನೆಯ ಒಂದು ಪಾಲು ಇಪ್ಪತ್ತು ಅಡಿಯವನಿಗೆ. ಹತ್ತಿಯಂತೆ ನಾದವನ್ನು ಹೀರುವ ಜನರ ಮೈ, ಬಟ್ಟೆಬರೆ ಬೇರೆ. ಕೊನೆಯ ಸಾಲಿನಲ್ಲಿ ನಿಂತವನಿಗೆ ಕಮಾನು ಆಡುವುದು ಕಣ್ಣಿಗೆ ಕಾಣುತ್ತದೆ, ನಾದ ಮಾತ್ರ ಕಿವಿಗೆ ಬರುವುದಿಲ್ಲ.

ಈ ಕಷ್ಟ ಮೈಸೂರಿನದಷ್ಟೇ ಆಗಿರಲಿಲ್ಲ. ಅದೇ ಕಾಲಕ್ಕೆ ಗ್ರಾಮಫೋನ್ ಕಂಪನಿಗಳಿಗೂ ಪಿಟೀಲು ಒಂದು ತಲೆನೋವಾಗಿತ್ತು. ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿ ಹೆಸರಾದ ಗೋಹರ್ ಜಾನ್ ಕೊನೆಯ ದಿನಗಳಲ್ಲಿ, 1928ರಲ್ಲಿ, ನಮ್ಮ ಮೈಸೂರಿನ ಅರಮನೆಗೇ ಬಂದು ಸೇರಿ 1930ರಲ್ಲಿ ಇಲ್ಲಿಯೇ ತೀರಿಕೊಂಡರು. ಮೊದಮೊದಲಿನ ಮುದ್ರಣದಲ್ಲಿ ವಿದ್ಯುತ್ತಿನ ಮೈಕು ಇರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಆ ಸದ್ದಿನ ಬಲದಿಂದಲೇ ಸೂಜಿ ಅಲುಗಾಡಿ ಮೇಣದ ಮೇಲೆ ಗೆರೆ ಕೊರೆಯಬೇಕು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಪಿಟೀಲಿನಂಥ ಮೆದು ನಾದದ ವಾದ್ಯ ಆ ತುತ್ತೂರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಲಂಡನ್ನಿನಲ್ಲಿ ಸ್ಟ್ರೋ ಎಂಬಾತ 1899ರಲ್ಲಿ ಇದಕ್ಕೊಂದು ಉಪಾಯ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ. ಪಿಟೀಲಿನ ಮರದ ಪೆಟ್ಟಿಗೆಯನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಲೋಹದ ತುತ್ತೂರಿ ಕೂಡಿಸಿದ. ಸದ್ದೇನೋ ಒಂದೇ ದಿಕ್ಕಿಗೆ ಜೋರಾಗಿ ಬಂತು. ಆದರೆ ಮರದ ಇಂಪು ಹೋಯಿತು. 1925ರ ಹೊತ್ತಿಗೆ ವಿದ್ಯುತ್ ಮೈಕಿನಿಂದ ಮುದ್ರಿಸುವ ಕ್ರಮ ಬಂದ ಮೇಲೆ ರೆಕಾರ್ಡಿಂಗಿನಲ್ಲಿ ಆ ತುತ್ತೂರಿ ಪಿಟೀಲಿಗೆ ಕೆಲಸವಿಲ್ಲದಂತಾಯಿತು.

ಮೈಸೂರಿನ ಶಿಷ್ಯನ ಮುಂದಿದ್ದ ಪ್ರಶ್ನೆಯೂ ಅದೇ. ಆದರೆ ಅವರಿಗೆ ಬೇಕಾಗಿದ್ದದ್ದು ಬರೀ ಸದ್ದಲ್ಲ. ಇಂಪು ಕೆಡಬಾರದು, ಗಮಕ ಕೆಡಬಾರದು, ಹಾಡುವವರ ದನಿಗೆ ತಕ್ಕ ತೂಕ ಬರಬೇಕು.

ಮೂರು ತಂತಿ ಹೆಚ್ಚು

1927ರಲ್ಲಿ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಇದ್ದ ತಂತಿಗಳಿಗೆ ಜೊತೆಯಾಗಿ ಇನ್ನೊಂದು ತಂತಿ ನುಡಿಯುವಂತೆ ಮಾಡಿದ ಏರ್ಪಾಡು ಅದು. ಕಮಾನು ಎಳೆದಾಗ ಒಂದು ತಂತಿಯ ಬದಲು ಜೋಡಿ ತಂತಿ ಒಟ್ಟಿಗೆ ನುಡಿಯುತ್ತವೆ.

ಜೋಡಿ ತಂತಿಯ ವಿಚಾರ ನಮ್ಮ ಸಂಗೀತಕ್ಕೆ ತೀರ ಹೊಸದಲ್ಲ. ತಂಬೂರಿಯಲ್ಲಿ ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ಶ್ರುತಿಯಾಗಿರುತ್ತವೆ. ಒಂದು ಆರುವ ಮೊದಲು ಇನ್ನೊಂದು ಎದ್ದು ನಾದವನ್ನು ಎಡೆಬಿಡದೆ ಹಿಡಿದಿರುತ್ತದೆ. ಮೈಸೂರಿಗೆ ಹೆಸರು ತಂದ ವೀಣೆಯಲ್ಲಿಯೂ ನುಡಿಸುವ ನಾಲ್ಕು ತಂತಿ, ತಾಳದ ಮೂರು ತಂತಿ, ಒಟ್ಟು ಏಳು. ಹೊರಗಿನ ಮ್ಯಾಂಡೊಲಿನ್ ವಾದ್ಯದಲ್ಲಿಯೂ ತಂತಿಗಳು ಜೋಡಿ ಜೋಡಿಯಾಗಿಯೇ ಇರುತ್ತವೆ. ಆದರೆ ಕಮಾನಿನಿಂದ ನುಡಿಸುವ ಪಿಟೀಲಿನಲ್ಲಿ, ಬೆರಳು ಜಾರಿಸಿ ಗಮಕ ತೆಗೆಯುವ ಸಂಗೀತದಲ್ಲಿ ಇದನ್ನು ಸಾಧಿಸುವುದು ಬೇರೆಯೇ ಮಾತು.

ಹೇಳಲು ಇದು ಸುಲಭ, ಮಾಡಲು ಕಷ್ಟ. ತಂತಿ ಹೆಚ್ಚಾದಷ್ಟೂ ಕುದುರೆಯ ಮೇಲೂ ಪಿಟೀಲಿನ ಮೇಲ್ಪದರದ ಮೇಲೂ ಎಳೆತ ಹೆಚ್ಚುತ್ತದೆ. ನಾಲ್ಕು ಬಿರಡೆಗಳ ಜಾಗದಲ್ಲಿ ಏಳನ್ನು ಕೂಡಿಸಬೇಕು. ಬೆರಳು ಒಂದರ ಬದಲು ಎರಡು ತಂತಿಯನ್ನು ಒಂದೇ ಸಮ ಒತ್ತಬೇಕು. ಕಮಾನಿಗೆ ಹೆಚ್ಚು ಬಲ ಬೇಕು, ಆದರೆ ಕರಕರ ಎನ್ನಬಾರದು. ಇವೆಲ್ಲಕ್ಕಿಂತ ದೊಡ್ಡ ಕಷ್ಟ ಶ್ರುತಿಯದು. ಒಂದೇ ತಂತಿಯಾದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನು ಬೆರಳು ಸರಿಮಾಡಿಕೊಂಡು ಹೋಗುತ್ತದೆ. ಜೋಡಿ ತಂತಿಯಲ್ಲಿ ಎರಡರ ನಡುವೆ ಅಷ್ಟು ವ್ಯತ್ಯಾಸ ಬಂದರೂ ನಾದ ಅಲೆ ಅಲೆಯಾಗಿ ಒಡೆದು ಅಪಸ್ವರವಾಗುತ್ತದೆ. ಚಪ್ಪರದ ಬಿಸಿ, ರಾತ್ರಿಯ ತಂಪು, ಮಳೆಗಾಲದ ತೇವ, ಒಂದೊಂದಕ್ಕೂ ತಂತಿ ಸಡಿಲುತ್ತದೆ, ಬಿಗಿಯುತ್ತದೆ. ಕಚೇರಿ ನಡೆಯುತ್ತಿದ್ದಂತೆಯೇ ಏಳನ್ನೂ ಅಂಕೆಯಲ್ಲಿಟ್ಟುಕೊಳ್ಳಬೇಕು.

ಇಷ್ಟು ಪಟ್ಟದ್ದಕ್ಕೆ ಸಿಕ್ಕಿದ್ದೇನು? ಒಂದೇ ಬಗೆಯ ಎರಡು ನಾದಮೂಲ ಸೇರಿದರೆ ಮಾಪಕದಲ್ಲಿ ಏರುವುದು ಸುಮಾರು 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಎಂದರೆ ತಂತಿ ಜೋಡಿಯಾದ ಮಾತ್ರಕ್ಕೆ ಸದ್ದು ಇಮ್ಮಡಿಯಾಗುವುದಿಲ್ಲ. ಆದರೆ ನಾದದ ಮೈ ತುಂಬಿಕೊಳ್ಳುತ್ತದೆ. ಒಂದು ತಂತಿಯ ಸಣ್ಣ ದನಿಯ ಬದಲು ಇಬ್ಬರು ಕೂಡಿ ಹಾಡಿದಂಥ ಗುಂಗು ಬರುತ್ತದೆ. ಗದ್ದಲದ ನಡುವೆಯೂ ಅದನ್ನು ಕಿವಿ ಬೇಗ ಗುರುತಿಸುತ್ತದೆ. ಉಳಿದ ಕೆಲಸವನ್ನು ಮಾಡಿದ್ದು ಚೌಡಯ್ಯನವರ ಕೈ. ಅವರ ಉದ್ದನೆಯ, ಗಟ್ಟಿಯಾದ ಕಮಾನು ಹೆಸರಾಗಿತ್ತು. ಹದಿನೇಳು ವರ್ಷದ ಸಾಧನೆಯ ಮೇಲೆ ಮೂರು ತಂತಿ ಸೇರಿದ್ದರಿಂದ ಅದು ಫಲ ಕೊಟ್ಟಿತು. ಸಾಧನೆಯಿಲ್ಲದವನ ಕೈಯಲ್ಲಿ ಏಳು ತಂತಿ ಏಳು ತೊಂದರೆಯಾಗುತ್ತಿತ್ತು.

ಈ ಹೊಸ ಪಿಟೀಲನ್ನು ಅವರು ಮೊದಲು ಗುರುಗಳಿಗೆ ತಿಳಿಸದೆಯೇ ಸಾಧಿಸಿ, ಕೊನೆಗೆ ಗುರುಗಳ ಕಚೇರಿಯಲ್ಲಿಯೇ ನುಡಿಸಿದರೆಂದೂ, ನಾದ ತುಂಬಿಬಂದದ್ದನ್ನು ಕೇಳಿದ ಗುರುಗಳು ವಿಷಯ ತಿಳಿದು ಒಪ್ಪಿ ಹರಸಿದರೆಂದೂ ಸಂಗೀತಗಾರರ ನಡುವೆ ಹೇಳಿಕೊಂಡು ಬಂದಿದ್ದಾರೆ. ಸಂಪ್ರದಾಯದ ಗುರುಗಳ ಮುಂದೆ ವಾದ್ಯದ ರೂಪವನ್ನೇ ಬದಲಿಸುವುದು ಆ ಕಾಲದಲ್ಲಿ ಸಣ್ಣ ಧೈರ್ಯವಲ್ಲ. ಶಿಷ್ಯನಿಗೆ ಆ ಧೈರ್ಯ ಬಂದದ್ದು ಗುರುಗಳನ್ನು ಮೀರಬೇಕೆಂಬ ಆಸೆಯಿಂದಲ್ಲ. ಗುರುಗಳ ಹಾಡಿಗೆ ತಕ್ಕ ಒತ್ತಾಸೆ ಕೊಡಬೇಕೆಂಬ ಕಾಳಜಿಯಿಂದ. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅವರ ಮತ್ತೊಬ್ಬ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಯವರೂ ಏಳು ತಂತಿಯ ಪಿಟೀಲಿನಲ್ಲಿಯೇ ಹೆಸರು ಮಾಡಿದರು.

ನಾಡಿನ ತುಂಬ

ಮುಂದಿನ ನಾಲ್ಕು ದಶಕ ಚೌಡಯ್ಯನವರು ದಕ್ಷಿಣ ಭಾರತದ ಕಚೇರಿಗಳಲ್ಲಿ ಬಹು ಬೇಡಿಕೆಯ ಪಿಟೀಲುಗಾರರಾಗಿದ್ದರು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಚೆಂಬೈ ವೈದ್ಯನಾಥ ಭಾಗವತರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ದೊಡ್ಡ ಗಾಯಕರಿಗೆ ಅವರು ಪಕ್ಕವಾದ್ಯ ನುಡಿಸಿದರು. ಅದರಲ್ಲಿಯೂ ಚೆಂಬೈ ಅವರ ತುಂಬುದನಿ, ಚೌಡಯ್ಯನವರ ತುಂಬುನಾದ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರು ಕೂಡಿದ ಕಚೇರಿಗಳನ್ನು ಹಳಬರು ಮರೆಯಲಿಲ್ಲ.

1939ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಬಂತು. ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು. ಅವರು ತಾವೇ ಕೃತಿಗಳನ್ನೂ ರಚಿಸಿದರು. ಆ ರಚನೆಗಳಿಗೆ ಅವರು ಇಟ್ಟ ಅಂಕಿತ ತ್ರಿಮಕುಟ. ದೇಶ ತಿರುಗಿ ಬಿರುದು ಪಡೆದ ಮೇಲೂ ಹುಟ್ಟಿದ ಕೂಡಲ ಹೆಸರನ್ನೇ ಅಂಕಿತ ಮಾಡಿಕೊಂಡರು. ತಾವು ಗುರುಕುಲದಲ್ಲಿ ಪಡೆದದ್ದನ್ನು ಹೆಚ್ಚು ಜನಕ್ಕೆ ಕೊಡಬೇಕೆಂದು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮುಂತಾದವರು ಅವರ ಶಿಷ್ಯರು.

ಹೊಸ ಯಂತ್ರಗಳ ಕಡೆಗೂ ಅವರು ಬೆನ್ನು ತಿರುಗಿಸಲಿಲ್ಲ. ಗ್ರಾಮಫೋನ್ ತಟ್ಟೆಗಳಲ್ಲಿ, ಆಕಾಶವಾಣಿಯಲ್ಲಿ ಅವರ ವಾದನ ಮುದ್ರಣವಾಯಿತು. ಕನ್ನಡಕ್ಕೆ ಮಾತಿನ ಚಿತ್ರ ಬಂದು ಇನ್ನೂ ಹತ್ತು ವರ್ಷವೂ ಆಗದಿದ್ದಾಗ, 1943ರಲ್ಲಿ, ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ವಾಣಿ ಎಂಬ ಚಿತ್ರವನ್ನು ನಿರ್ಮಿಸಿ, ತಾವೂ ಅದರಲ್ಲಿ ಅಭಿನಯಿಸಿದರು. ಮುಂದೆ ದೊಡ್ಡ ನಟಿಯಾದ ಪಂಢರಿಬಾಯಿಯವರ ಮೊದಲ ಚಿತ್ರವೂ ಅದೇ. ಆ ಚಿತ್ರದಲ್ಲಿ ಚೆಂಬೈ ಹಾಡುವ, ಚೌಡಯ್ಯ ಮತ್ತು ಮಣಿ ಅಯ್ಯರ್ ನುಡಿಸುವ ಕಚೇರಿಯ ದೃಶ್ಯವನ್ನು ಸೇರಿಸಿದರು. ಕಚೇರಿಯೊಂದು ಹೇಗಿರುತ್ತಿತ್ತೆಂದು ಮುಂದಿನವರು ಕಣ್ಣಿಂದ ನೋಡಿ ಕಿವಿಯಿಂದ ಕೇಳುವಂತೆ ಹಿಡಿದಿಟ್ಟ ಕೆಲಸವದು.

ಮೈಕು ಬಂದ ಮೇಲೆ

ಚೌಡಯ್ಯನವರ ಬದುಕಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಅವರು ಏಳು ತಂತಿ ಕಟ್ಟಿದ ಕೆಲವೇ ವರ್ಷಗಳಲ್ಲಿ ಕಾಲ ಬದಲಾಯಿತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್‌ನ ಸಣ್ಣ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನೇ ಪಡೆಯಿತು. ಕಚೇರಿಗಳಿಗೆ ಮೈಕು, ಧ್ವನಿವರ್ಧಕ ಬಂದವು. ಪಿಟೀಲಿನ ಮುಂದೆ ಒಂದು ಮೈಕು ಇಟ್ಟರೆ ನಾಲ್ಕು ತಂತಿಯ ನಾದವೇ ಚಪ್ಪರದ ಆಚೆ ರಸ್ತೆಯವರೆಗೂ ಕೇಳುವಂತಾಯಿತು. ಯಾವ ಕೊರತೆ ನೀಗಲೆಂದು ಅವರು ಇಷ್ಟು ಪಟ್ಟರೋ ಆ ಕೊರತೆಯನ್ನು ಒಂದು ಯಂತ್ರ ಬಂದು ಸುಲಭವಾಗಿ ನೀಗಿಸಿತು. ಇಂದು ಏಳು ತಂತಿಯ ಪಿಟೀಲು ನುಡಿಸುವವರು ಬಹಳ ವಿರಳ.

ಹಾಗಾದರೆ ಅವರ ಶ್ರಮ ವ್ಯರ್ಥವೇ? ಅವರ ಹಳೆಯ ಮುದ್ರಣಗಳನ್ನು ಕೇಳಿದರೆ ಉತ್ತರ ಸಿಗುತ್ತದೆ. ಮುದ್ರಣ ಹಳೆಯದು, ಗರಗರ ಸದ್ದು ಇದೆ. ಆದರೂ ಅವರ ಪಿಟೀಲು ಬಂದೊಡನೆ ಇದು ಚೌಡಯ್ಯನವರದೇ ಎಂದು ಗೊತ್ತಾಗುತ್ತದೆ. ಸದ್ದನ್ನು ಹೆಚ್ಚಿಸಲು ಹೊರಟವರು ತಮ್ಮದೇ ಒಂದು ನಾದವನ್ನು ಕಂಡುಕೊಂಡಿದ್ದರು. ಮೈಕು ಸದ್ದನ್ನು ಹಿಗ್ಗಿಸಬಲ್ಲುದು, ನಾದವನ್ನು ಹುಟ್ಟಿಸಲಾರದು. ಮೈಕು ಬಂದ ಮೇಲೂ ಅವರು ಏಳು ತಂತಿಯನ್ನು ಬಿಡದೆ ಕೊನೆಯವರೆಗೂ ನುಡಿಸಿದ್ದು ಇದಕ್ಕೇ ಇರಬೇಕೆಂದು ನನಗೆ ಅನಿಸುತ್ತದೆ.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ಇದೆ, ತಂತಿ, ಬಿರಡೆ, ಕಮಾನು ಸಹಿತ. ನಮ್ಮ ಶಾಲೆಯಿಂದ ಬೆಂಗಳೂರಿಗೆ ಪ್ರವಾಸ ಹೋಗುವ ಮಕ್ಕಳು ವಿಧಾನಸೌಧದ ಜೊತೆಗೆ ಅದನ್ನೂ ನೋಡಿಬರಬೇಕು. ಅದು ಒಬ್ಬ ರೈತನ ಮಗನ ಹೆಸರಿನ ಕಟ್ಟಡ.

ನಮ್ಮ ಮಕ್ಕಳಿಗೆ

ಮೊದಲಿನ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಊರಿನ ಹಬ್ಬ ಜಾತ್ರೆಗಳಲ್ಲಿ ಮೈಕ್‌ಸೆಟ್ ಹಾಕುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಹಾಡು ನಡೆಯುತ್ತಿದ್ದಂತೆ ಮೈಕು ಕುಂಯ್ ಎಂದು ಕಿರುಚಿದರೆ ಎಲ್ಲರೂ ಕಿವಿ ಮುಚ್ಚಿಕೊಂಡು ಅವರನ್ನು ಬೈಯುತ್ತೇವೆ. ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೇ ಹೋಗಿ, ಸುತ್ತಿ ಸುತ್ತಿ ಬೆಳೆಯುವುದರಿಂದ ಹಾಗಾಗುತ್ತದೆ. ಸ್ಪೀಕರನ್ನು ಮೈಕಿಗಿಂತ ಮುಂದಕ್ಕೆ ಸರಿಸಿ, ಜನರ ಕಡೆಗೆ ತಿರುಗಿಸಿ, ಆಂಪ್ಲಿಫೈಯರನ್ನು ಸ್ವಲ್ಪ ತಗ್ಗಿಸಿದರೆ ನಿಲ್ಲುತ್ತದೆ. ಇದನ್ನು ಅನುಭವದಿಂದ ಅರಿತ ಹುಡುಗ ಅರ್ಧ ಪಾಠ ಕಲಿತಂತೆಯೇ. ಉಳಿದರ್ಧಕ್ಕೆ ಓದು ಬೇಕು.

ಆ ಓದಿಗೆ ನಮ್ಮ ನಾಡಿನಲ್ಲಿ ಹಳೆಯ ದಾರಿಯೇ ಇದೆ. 1943ರಲ್ಲಿ, ವಾಣಿ ಚಿತ್ರ ಬಂದ ವರ್ಷವೇ, ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಮುಂದೆ ಎಸ್. ಜೆ. ಪಾಲಿಟೆಕ್ನಿಕ್ ಎಂದು ಹೆಸರಾದ ಅಲ್ಲಿ ಸಿನಿಮಾ ಛಾಯಾಗ್ರಹಣ ಮತ್ತು ಧ್ವನಿಮುದ್ರಣವನ್ನು ಡಿಪ್ಲೊಮಾ ಓದಾಗಿ ಕಲಿಸಿದರು. ಆ ಪರಂಪರೆ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಮುಂದುವರಿದಿದೆ. ಸಂಗೀತವನ್ನೇ ಓದುವವರಿಗೆ ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಸರ್ಕಾರಿ ಶಾಲೆಯ ಮಕ್ಕಳು ಬಾಗಿಲು ತಟ್ಟಬಹುದಾದ ಸರ್ಕಾರಿ ಸಂಸ್ಥೆಗಳು ಇವು.

ತಂದೆತಾಯಿಗಳ ಚಿಂತೆ ಸುಳ್ಳೆಂದು ನಾನು ಹೇಳುವುದಿಲ್ಲ. ಈ ದಾರಿಯಲ್ಲಿ ತಿಂಗಳ ಸಂಬಳ ಖಾತ್ರಿಯಿಲ್ಲ. ಮಗುವಿಗೆ ನಿಜವಾಗಿ ಕಿವಿ ಇದೆಯೇ, ವರ್ಷಗಟ್ಟಲೆ ಕಲಿಯುವ ತಾಳ್ಮೆ ಇದೆಯೇ ಎಂದು ನೋಡಿ ಒಪ್ಪಿಗೆ ಕೊಡಿ. ಬರೀ ಮೊಬೈಲಿನ ಚಪಲವಾದರೆ ಆರು ತಿಂಗಳಲ್ಲಿ ತಾನೇ ಇಳಿಯುತ್ತದೆ. ಮಕ್ಕಳಿಗೂ ಒಂದು ಮಾತು ಹೇಳಬೇಕು. ಇಂದು ನೀವು ಕಲಿಯುವ ಯಂತ್ರ, ಸಾಫ್ಟ್‌ವೇರು ಹತ್ತು ವರ್ಷದಲ್ಲಿ ಹಳೆಯದಾಗುತ್ತದೆ. ಸ್ಟ್ರೋನ ತುತ್ತೂರಿ ಹೋಯಿತು, ಗ್ರಾಮಫೋನ್ ತಟ್ಟೆ ಹೋಯಿತು, ಕ್ಯಾಸೆಟ್ಟೂ ಹೋಯಿತು. ಕಲಿತ ಕಿವಿ ಮಾತ್ರ ಹಳೆಯದಾಗುವುದಿಲ್ಲ. ಆದ್ದರಿಂದ ಗುಂಡಿ ತಿರುಗಿಸುವುದಕ್ಕಿಂತ ಮೊದಲು ಕೇಳುವುದನ್ನು ಕಲಿಯಿರಿ. ನಮ್ಮ ಸುತ್ತಲೇ ಕಂಸಾಳೆಯವರಿದ್ದಾರೆ, ನೀಲಗಾರರಿದ್ದಾರೆ. ಮೈಕಿಲ್ಲದೆ ರಾತ್ರಿಯಿಡೀ ಹಾಡಿ ಊರನ್ನು ಎಚ್ಚರವಾಗಿಟ್ಟ ಪರಂಪರೆ ಅವರದು. ಅವರ ಪಕ್ಕದಲ್ಲಿ ಕುಳಿತು ಕೇಳಿ, ಕಲಿತದ್ದರಿಂದ ಅವರ ಹಾಡನ್ನು ಚೆನ್ನಾಗಿ ಮುದ್ರಿಸಿಡಿ.

ಸರ್ಕಾರಿ ಶಾಲೆಯ ಮೇಷ್ಟ್ರ ಕೆಲಸವೂ ಒಂದು ರೀತಿಯಲ್ಲಿ ಚೌಡಯ್ಯನವರ ಕೆಲಸದಂಥದೇ. ಮುಂದಿನ ಬೆಂಚಿನ ಮಕ್ಕಳಿಗೆ ಪಾಠ ಹೇಗೂ ಕೇಳಿಸುತ್ತದೆ. ಕೊನೆಯ ಬೆಂಚಿನ ಮಗುವಿಗೂ ಕೇಳಿಸಬೇಕು. ಐವತ್ತು ವರ್ಷ ನಮ್ಮ ಶಾಲೆಯಲ್ಲಿ ಪಾಠ ಹೇಳಿದವರೂ ಕೇಳಿದವರೂ ಆ ಶ್ರಮವನ್ನು ಬಲ್ಲರು. ಮುಂದಿನ ಐವತ್ತು ವರ್ಷ ಇಲ್ಲಿ ಓದುವ ಮಕ್ಕಳಲ್ಲಿ ಒಬ್ಬರಾದರೂ ನಾದದ ಹಾದಿ ಹಿಡಿದು, ದೂರ ನಿಂತವನಿಗೂ ಕೇಳುವಂತೆ ಮಾಡಲಿ ಎಂದು ಹಾರೈಸುತ್ತೇನೆ.